ಮೀನಿನಲ್ಲಿ ಹುಳು: ಹೆಸರು ಕೇಳುವ ಮೊದಲು ಜಾಗ ನೋಡಿ

ಹೊಟ್ಟೆ ಸೀಳಿದ ಮೀನಿನಲ್ಲಿ ಬಿಳಿ ದಾರದಂಥದ್ದೊಂದು ಮಿಸುಕಾಡಿತೆಂದರೆ ಸಾಮಾನ್ಯವಾಗಿ ಎರಡರಲ್ಲೊಂದು ನಡೆಯುತ್ತದೆ. ಇಡೀ ಮೀನು ಕಸದ ಬುಟ್ಟಿಗೆ ಹೋಗುತ್ತದೆ. ಇಲ್ಲವೇ ಹುಳುವನ್ನಷ್ಟೇ ಚಾಕುವಿನ ತುದಿಯಲ್ಲಿ ಎತ್ತಿ ಎಸೆದು, ಯಾರೂ ನೋಡಲಿಲ್ಲವೆಂಬ ಸಮಾಧಾನದಲ್ಲಿ ಕೆಲಸ ಮುಂದುವರಿಯುತ್ತದೆ. ಎರಡೂ ಅವಸರದ ತೀರ್ಮಾನಗಳೇ. ಮೊದಲನೆಯದರಲ್ಲಿ ಒಳ್ಳೆಯ ಮೀನು ವ್ಯರ್ಥವಾಗಬಹುದು; ಎರಡನೆಯದರಲ್ಲಿ ಕಣ್ಣಿಗೆ ಬೀಳದೆ ಉಳಿದ ಇನ್ನೊಂದು ಹುಳು ತಟ್ಟೆಗೆ ಬರಬಹುದು.

ಸಮುದ್ರದಲ್ಲಿ ಬೆಳೆದ ಮೀನಿಗೆ ಹುಳು ಹೊಸದಲ್ಲ. ಅದು ತಿನ್ನುವ ಸಿಗಡಿಯಂಥ ಸಣ್ಣ ಜೀವಿಗಳ ಮೂಲಕ, ಚಿಕ್ಕ ಮೀನುಗಳ ಮೂಲಕ ಪರಾವಲಂಬಿಗಳು ಒಳಸೇರುತ್ತಲೇ ಇರುತ್ತವೆ. ಆದ್ದರಿಂದ ‘ಹುಳು ಇದೆಯೇ’ ಎಂದು ಕೇಳುವುದಕ್ಕಿಂತ ‘ಎಲ್ಲಿದೆ’ ಎಂದು ಕೇಳುವುದು ಹೆಚ್ಚು ಉಪಯೋಗಕ್ಕೆ ಬರುತ್ತದೆ. ಕರುಳಿನ ಒಳಗೋ, ಅಂಗಗಳ ಮೇಲೋ, ಮಾಂಸದಲ್ಲೋ, ಮೊಟ್ಟೆಯ ಚೀಲದಲ್ಲೋ, ಚರ್ಮದಲ್ಲೋ ಎಂಬುದು ಗೊತ್ತಾದರೆ ಗುರುತು ಮುಕ್ಕಾಲು ಸಿಕ್ಕಂತೆ. ಹುಳುವನ್ನು ಎತ್ತುವ ಮೊದಲು ಅದು ಇದ್ದಲ್ಲಿಯೇ ಮೊಬೈಲಿನಲ್ಲಿ ಒಂದು ಚಿತ್ರ ತೆಗೆದಿಡಿ. ಬಟ್ಟಲಿಗೆ ಬಂದ ಮೇಲೆ ಎಲ್ಲ ಹುಳುಗಳೂ ಒಂದೇ ಥರ ಕಾಣುತ್ತವೆ.

ಇನ್ನೊಂದು ಮಾತನ್ನು ಆರಂಭದಲ್ಲೇ ಹೇಳಿಬಿಡುತ್ತೇನೆ. ಹೇಸಿಗೆಗೂ ಅಪಾಯಕ್ಕೂ ಇಲ್ಲಿ ಸಂಬಂಧವಿಲ್ಲ. ನೋಡಿದರೆ ಊಟವೇ ಬೇಡವೆನಿಸುವ ಹುಳುಗಳಲ್ಲಿ ಹೆಚ್ಚಿನವು ಮನುಷ್ಯನಿಗೆ ಏನೂ ಮಾಡುವುದಿಲ್ಲ; ಆಸ್ಪತ್ರೆಗೆ ಕಳಿಸುವಂಥದ್ದು ಗುಂಡುಸೂಜಿಯ ತಲೆಗಿಂತ ಸ್ವಲ್ಪ ದೊಡ್ಡದಾದ, ಅಚ್ಚುಕಟ್ಟಾಗಿ ಸುತ್ತಿಕೊಂಡ ಒಂದು ಸುರುಳಿ.

ಹುಳುವೇ ಹೌದೇ?

ಸುಳ್ಳು ಎಚ್ಚರಿಕೆಗಳಲ್ಲಿ ಮೊದಲ ಸ್ಥಾನ ಮೀನಿನದೇ ಒಂದು ಅಂಗಕ್ಕೆ ಸಲ್ಲಬೇಕು. ಜಠರ ಮುಗಿದು ಕರುಳು ಆರಂಭವಾಗುವಲ್ಲಿ ಅನೇಕ ಜಾತಿಯ ಮೀನುಗಳಿಗೆ ಬೆರಳಿನಂಥ, ತುದಿ ಮುಚ್ಚಿದ ಕುರುಡು ನಾಳಗಳು ಗೊಂಚಲಾಗಿ ಜೋತುಬಿದ್ದಿರುತ್ತವೆ. ಇವುಗಳ ಹೆಸರು ಪೈಲೋರಿಕ್ ಸೀಕ. ಆಹಾರ ಜೀರ್ಣಿಸಿ ಹೀರಿಕೊಳ್ಳುವುದಕ್ಕೆ ನೆರವಾಗುವ ಭಾಗ. ಕೆಲವು ಮೀನುಗಳಲ್ಲಿ ಕೆಲವೇ ಇರುತ್ತವೆ, ಕೆಲವುಗಳಲ್ಲಿ ನೂರಾರು. ಮೀನು ಬಿಡಿಸಲು ಕಲಿಯುತ್ತಿದ್ದ ದಿನಗಳಲ್ಲಿ ನಾನು ಒಂದು ಇಡೀ ಮೀನನ್ನು ಈ ಗೊಂಚಲಿನ ಕಾರಣಕ್ಕೇ ಎಸೆದಿದ್ದೇನೆ. ಪರೀಕ್ಷೆ ಸುಲಭ: ಒಂದು ಎಳೆಯನ್ನು ಹಿಡಿದು ಮೆಲ್ಲನೆ ಎಳೆಯಿರಿ. ನಾಳದ ಒಂದು ತುದಿ ಕರುಳಿಗೆ ಅಂಟಿಕೊಂಡಿರುತ್ತದೆ, ಎಳೆದರೆ ಹರಿಯುತ್ತದೆ. ಹುಳುವಿಗೆ ಎರಡು ಸ್ವತಂತ್ರ ತುದಿಗಳಿರುತ್ತವೆ. ಮಾಂಸದ ತುಂಡಿನಲ್ಲಿ ಕಾಣುವ ರಕ್ತನಾಳ, ನರಗಳಿಗೂ ಇದೇ ಪರೀಕ್ಷೆ ಸಾಕು. ಅವು ಮಾಂಸದೊಳಗೆ ಕವಲೊಡೆದು ಮುಂದುವರಿಯುತ್ತವೆ, ಹುಳು ಎಂದೂ ಕವಲೊಡೆಯುವುದಿಲ್ಲ.

ಒಂದು ತುದಿ ಮೊನಚು, ಇನ್ನೊಂದು ತುದಿ ಮೊಂಡು, ಮೈತುಂಬ ಉಂಗುರ, ಮೊನಚಾದ ಕಡೆ ಕಪ್ಪು ಕೊಕ್ಕೆ ಕಂಡರೆ ಅದು ನೊಣದ ಮರಿ. ಅದು ಸಮುದ್ರದಿಂದ ಬಂದದ್ದಲ್ಲ, ಮೀನನ್ನು ಇಟ್ಟ ಜಾಗದಲ್ಲಿ ನೊಣ ಕೂತು ಆದದ್ದು. ಅಂಥ ಮೀನನ್ನು ಎಸೆಯಿರಿ, ಮುಂದಿನ ಸಲಕ್ಕೆ ಮಂಜುಗಡ್ಡೆ ಮತ್ತು ಮುಚ್ಚಳದ ವ್ಯವಸ್ಥೆ ಸರಿಪಡಿಸಿ.

ಕಿವಿರಿಗೆ ಕಚ್ಚಿಕೊಂಡಿರುವ, ಬಾಯೊಳಗೆ ನಾಲಗೆಯ ಮೇಲೆ ಕೂತಿರುವ, ಕಾಲುಗಳಿರುವ ಜೀವಿಗಳು ಹುಳುಗಳ ಗುಂಪಿಗೇ ಸೇರುವುದಿಲ್ಲ. ಅವು ಏಡಿ, ಸಿಗಡಿಗಳ ದೂರದ ಸಂಬಂಧಿಗಳು. ತಲೆ, ಕಿವಿರು ತೆಗೆದಾಗ ಅವೂ ಹೋಗುತ್ತವೆ. ಇನ್ನು ಹುಳುವೇನೂ ಕಾಣದೆ ಮಾಂಸ ಮಾತ್ರ ಗಂಜಿಯಂತೆ ಕರಗಿದ್ದರೆ ಅದು ಕುಡೋವಾ ಎಂಬ ಸೂಕ್ಷ್ಮಜೀವಿಯ ಕೆಲಸವಿರಬಹುದು. ಮೀನು ಸತ್ತ ಮೇಲೆ ಕುಡೋವಾದ ಕಿಣ್ವಗಳು ಸ್ನಾಯುವನ್ನು ಕರಗಿಸುತ್ತವೆ. ಆ ಮೀನನ್ನು ಉಳಿಸಿಕೊಳ್ಳುವ ಉಪಾಯವಿಲ್ಲ.

ಕರುಳಿನ ಒಳಗಿದ್ದರೆ

ಕರುಳನ್ನು ಸೀಳಿದಾಗ ಒಳಗೆ ಹುಳು ಸಿಕ್ಕಿದರೆ ಹೆಚ್ಚು ತಲೆಕೆಡಿಸಿಕೊಳ್ಳಬೇಕಾಗಿಲ್ಲ. ಅಲ್ಲಿರುವವು ಬಹುಪಾಲು ಆ ಮೀನಿನಲ್ಲೇ ಪ್ರಾಯಕ್ಕೆ ಬಂದ ಹುಳುಗಳು: ಹಿಸ್ಟೆರೋಥೈಲೇಸಿಯಮ್‌ನಂಥ ದುಂಡುಹುಳು, ಚಪ್ಪಟೆ ಪಟ್ಟಿಯಂಥ ಲಾಡಿಹುಳು, ಮೂತಿಯ ಸುತ್ತ ಕೊಕ್ಕೆಗಳ ಸಾಲಿರುವ ಮುಳ್ಳುತಲೆ ಹುಳು. ಮೀನೇ ಅವುಗಳ ಕೊನೆಯ ಮನೆ. ಕರುಳಿನೊಂದಿಗೆ ತೆಗೆದು, ಒಳಭಾಗವನ್ನು ತೊಳೆದರೆ ಮುಗಿಯಿತು.

ಅಂಗಗಳ ಮೇಲೆ ಸುರುಳಿಯಾಗಿದ್ದರೆ

ಇಲ್ಲಿ ನಿಧಾನಿಸಬೇಕು. ಪಿತ್ತಜನಕಾಂಗದ ಮೇಲೆ, ಕರುಳಿನ ಹೊರಮೈಗೆ, ಹೊಟ್ಟೆಯ ಒಳಗೋಡೆಗೆ ಅಂಟಿಕೊಂಡಂತೆ, ಗಡಿಯಾರದ ಸ್ಪ್ರಿಂಗಿನಂತೆ ಚಪ್ಪಟೆಯಾಗಿ ಸುತ್ತಿಕೊಂಡ ಬಿಳಿ ಹುಳು ಕಂಡರೆ ಅದನ್ನು ಅನಿಸಾಕಿಸ್, ಅಂದರೆ ಆರಂಭದಲ್ಲಿ ಹೇಳಿದ ಆ ಅಪಾಯದ ಸುರುಳಿ, ಎಂದೇ ಭಾವಿಸಿ ಮುಂದುವರಿಯಿರಿ. ಸುರುಳಿಯ ಅಗಲ ಸುಮಾರು 5 ಮಿ.ಮೀ., ಬಿಡಿಸಿದರೆ ಉದ್ದ 2ರಿಂದ 3 ಸೆಂ.ಮೀ. ಬದುಕಿದ್ದರೆ ಉಗುರುಬೆಚ್ಚಗಿನ ಉಪ್ಪುನೀರಿನ ಬಟ್ಟಲಿಗೆ ಹಾಕಿದ ಸ್ವಲ್ಪ ಹೊತ್ತಿನಲ್ಲಿ ಸುರುಳಿ ಬಿಚ್ಚಿ ಚುರುಕಾಗಿ ಹರಿದಾಡುತ್ತದೆ. ಹೆಪ್ಪುಗಟ್ಟಿಸಿದ ಮೀನಿನದಾದರೆ ಕದಲುವುದಿಲ್ಲ.

ಇದು ಪ್ರಾಯಕ್ಕೆ ಬಂದ ಹುಳುವಲ್ಲ, ಮೂರನೆಯ ಹಂತದ ಲಾರ್ವಾ, ಅಂದರೆ ಮರಿಹುಳು. ಇದರ ಗುರಿ ತಿಮಿಂಗಿಲ ಅಥವಾ ಡಾಲ್ಫಿನ್ನಿನ ಜಠರ. ಅಲ್ಲಿ ಪ್ರಾಯಕ್ಕೆ ಬಂದ ಹುಳು ಇಟ್ಟ ಮೊಟ್ಟೆಗಳು ಮಲದೊಂದಿಗೆ ನೀರಿಗೆ ಸೇರುತ್ತವೆ. ಲಾರ್ವಾವನ್ನು ಸಿಗಡಿಯನ್ನು ಹೋಲುವ ಕ್ರಿಲ್‌ನಂಥ ಜೀವಿಗಳು ನುಂಗುತ್ತವೆ. ಕ್ರಿಲ್ಲನ್ನು ಮೀನು, ಬೊಂಡಾಸ್ ತಿನ್ನುತ್ತವೆ. ಸಣ್ಣ ಮೀನನ್ನು ದೊಡ್ಡ ಮೀನು ತಿಂದಾಗ ಲಾರ್ವಾ ಸಾಯದೆ ಹೊಸ ಮೀನಿಗೆ ದಾಟುತ್ತದೆ. ವಯಸ್ಸಾದ ದೊಡ್ಡ ಮೀನಿನಲ್ಲಿ ಇವು ರಾಶಿಯಾಗಿ ಸಿಗುವುದು ಇದರಿಂದಲೇ. ಸುರುಳಿಯೆಂದರೆ ತಿಮಿಂಗಿಲಕ್ಕಾಗಿ ಕಾಯುತ್ತ ಕೂತಿರುವ ಪ್ರಯಾಣಿಕ. ಮನುಷ್ಯ ಅದು ಹತ್ತಿದ ತಪ್ಪು ಬಸ್ಸು.

ಅನಿಸಾಕಿಸ್ ಹೌದೋ, ಅದರ ಸಂಬಂಧಿಯೋ ಎಂದು ಬರಿಗಣ್ಣಿನಲ್ಲಿ ನಿಶ್ಚಯವಾಗಿ ಹೇಳಲಾಗದು. ಸೂಕ್ಷ್ಮದರ್ಶಕವಿದ್ದರೆ ಅನ್ನನಾಳ ಮತ್ತು ಕರುಳು ಕೂಡುವ ಜಾಗ ನೋಡಿ. ಅನಿಸಾಕಿಸ್‌ನಲ್ಲಿ ಅಲ್ಲಿ ಒಂದು ಉದ್ದನೆಯ ಗಟ್ಟಿ ಭಾಗ ಮಾತ್ರ ಇರುತ್ತದೆ, ಪಕ್ಕದ ಚೀಲವೇನೂ ಇಲ್ಲ. ಅದರ ಸಂಬಂಧಿಯಾದ ಸ್ಯೂಡೋಟೆರನೋವಾದಲ್ಲಿ ಕರುಳಿನಿಂದ ಒಂದು ಕುರುಡು ಚೀಲ ತಲೆಯ ಕಡೆಗೆ ಚಾಚಿರುತ್ತದೆ. ಇನ್ನೆರಡು ಸಂಬಂಧಿಗಳಾದ ಕಾಂಟ್ರಸೀಕಮ್ ಮತ್ತು ಹಿಸ್ಟೆರೋಥೈಲೇಸಿಯಮ್‌ಗಳಲ್ಲಿ ಮುಂದಕ್ಕೊಂದು, ಹಿಂದಕ್ಕೊಂದು ಎರಡು ಚೀಲಗಳಿರುತ್ತವೆ. ಸೂಕ್ಷ್ಮದರ್ಶಕವಿಲ್ಲದ ಕಡೆ ಎಲ್ಲವನ್ನೂ ಅಪಾಯದ ಪಟ್ಟಿಗೇ ಸೇರಿಸುವುದು ನನ್ನ ರೂಢಿ. ಅಡುಗೆಮನೆಯಲ್ಲಿ ನಿಂತು ಉಪಜಾತಿಯ ಬಗ್ಗೆ ಚರ್ಚಿಸಿ ಪ್ರಯೋಜನವಿಲ್ಲ.

ಅಂಗಗಳ ಮೇಲೆ ಸುರುಳಿಗಳಿವೆ, ಮಾಂಸದಲ್ಲಿ ಏನೂ ಕಾಣುತ್ತಿಲ್ಲ ಎಂದಾದರೆ ಮುಂದಿನ ಪ್ರಶ್ನೆ: ಮೀನು ಹಿಡಿದ ಎಷ್ಟು ಹೊತ್ತಿಗೆ ಅದರ ಹೊಟ್ಟೆ ಬಿಡಿಸಲಾಯಿತು? ಮೀನು ಸತ್ತ ಮೇಲೆ ಕೆಲವು ಲಾರ್ವಾಗಳು ಅಂಗಗಳನ್ನು ಬಿಟ್ಟು ಸುತ್ತಲಿನ ಮಾಂಸಕ್ಕೆ ನುಗ್ಗುತ್ತವೆ. ಹೆರಿಂಗ್‌ನಂಥ ಮೀನುಗಳಲ್ಲಿ ಇದನ್ನು ಸ್ಪಷ್ಟವಾಗಿ ಗಮನಿಸಲಾಗಿದೆ. ಮೀನು ಬೆಚ್ಚಗಾದಷ್ಟೂ, ಹೊತ್ತು ಕಳೆದಷ್ಟೂ ಈ ವಲಸೆಗೆ ಅವಕಾಶ ಹೆಚ್ಚು. ಮೊದಲು ತಲುಪುವುದು ಹೊಟ್ಟೆಯ ಇಕ್ಕೆಲದ ತೆಳು ಮಾಂಸಕ್ಕೆ. ಹಾಗಾಗಿ ಸುರುಳಿಗಳು ಸಿಕ್ಕಿದ ಮೀನಿನಲ್ಲಿ ಹೊಟ್ಟೆಯ ಅಂಚಿನ ಮಾಂಸವನ್ನು ಕತ್ತರಿಸಿ ತೆಗೆದುಬಿಡುವುದು ಕಡಿಮೆ ನಷ್ಟದ, ಹೆಚ್ಚು ಲಾಭದ ದುರಸ್ತಿ. ಆದರೆ ಬದುಕಿರುವಾಗಲೇ ಮಾಂಸ ಸೇರಿದ ಲಾರ್ವಾಗಳೂ ಇರುತ್ತವೆ. ಬೇಗ ಹೊಟ್ಟೆ ಬಿಡಿಸಿದ್ದೇವೆ ಎಂಬುದೊಂದೇ ಹಸಿ ಮೀನು ತಿನ್ನಲು ಅನುಮತಿಯಾಗದು.

ಮಾಂಸದೊಳಗೆ ಕಂಡರೆ

ಕಂದು ಅಥವಾ ಕೆಂಗಂದು ಬಣ್ಣ, 3ರಿಂದ 5 ಸೆಂ.ಮೀ. ಉದ್ದ, ಮಾಂಸದಲ್ಲಿ ಆಳವಾಗಿ ಹುದುಗಿದ, ಅಡ್ಡಾದಿಡ್ಡಿ ಸುತ್ತಿಕೊಂಡ ಹುಳುವಾದರೆ ಸ್ಯೂಡೋಟೆರನೋವಾ. ಕಾಡ್ ಮೀನಿನ ವ್ಯಾಪಾರಿಗಳಿಗೆ ಇದು ಹಳೆಯ ತಲೆನೋವು. ಇದರ ಕೊನೆಯ ಮನೆ ಸೀಲ್ ಪ್ರಾಣಿ; ಸೀಲ್‌ಗಳು ಹೆಚ್ಚಿರುವ ತೀರಗಳ ಮೀನಿನಲ್ಲಿ ಇದೂ ಹೆಚ್ಚು. ಅನಿಸಾಕಿಸ್‌ಗಿಂತ ಕಣ್ಣಿಗೆ ಬೇಗ ಬೀಳುತ್ತದೆ, ಮನುಷ್ಯನಿಗೆ ಕೊಡುವ ಕಾಟ ಸಾಮಾನ್ಯವಾಗಿ ಅದಕ್ಕಿಂತ ಸೌಮ್ಯ. ನುಂಗಿದವರಿಗೆ ಗಂಟಲಲ್ಲಿ ಏನೋ ಹರಿದಾಡಿದಂತಾಗಿ, ಕೆಮ್ಮಿದಾಗ ಹುಳುವೇ ಹೊರಬಂದ ಪ್ರಕರಣಗಳಿವೆ.

ಅಕ್ಕಿಕಾಳಿನಂಥ ಬಿಳಿ ಗಂಟು, ಅಥವಾ ನಾರಿನ ಉದ್ದಕ್ಕೂ ಮಲಗಿರುವ ಮೃದುವಾದ ಶಾವಿಗೆಯಂಥ ಎಳೆ ಕಂಡರೆ ಅದು ಟ್ರಿಪನೋರಿಂಕ ಗುಂಪಿನ ಲಾಡಿಹುಳುವಿನ ಮರಿಯಾಗಿರುವ ಸಾಧ್ಯತೆ ಹೆಚ್ಚು. ಇವುಗಳ ಕೊನೆಯ ಮನೆ ಶಾರ್ಕ್ ಮತ್ತು ತೊರಕೆ ಮೀನುಗಳು. ಮೆಕ್ಸಿಕೋ ಕೊಲ್ಲಿಯ ಮೀನುಗಾರರಿಗೆ ಇಂಥ ಎಳೆಗಳು ಚಿರಪರಿಚಿತ. ಬೇಸಗೆಯಲ್ಲಿ ಗಾಳ ಹಾಕಿ ಹಿಡಿದ ಮೀನನ್ನು ಹಿಂದೆಮುಂದೆ ನೋಡದೆ ಎಸೆಯುವವರು ಅಲ್ಲಿ ಇಂದಿಗೂ ಇದ್ದಾರೆ. ಮನುಷ್ಯನ ಕರುಳಿನಲ್ಲಿ ಇವು ಬೆಳೆಯುವುದಿಲ್ಲ. ಎಳೆಯನ್ನು ತೆಗೆದುಹಾಕಿ ಬೇಯಿಸಿ ತಿನ್ನಬಹುದು. ರಾಶಿರಾಶಿಯಾಗಿದ್ದರೆ ಬೇಡವೆನಿಸುವುದು ಸಹಜ, ಆದರೆ ಅದು ರುಚಿಯ ಪ್ರಶ್ನೆ, ಆರೋಗ್ಯದ್ದಲ್ಲ.

ಗೊಂದಲವಾಗುವುದು ಸಾಲ್ಮನ್ ಜಾತಿಯ ಮೀನುಗಳಲ್ಲಿ. ಅಲ್ಲಿ ಬಿಳಿ, ಸುರುಳಿಯಿಲ್ಲದ, ಸುಕ್ಕುಗಟ್ಟಿದ ಮೈಯ ಲಾಡಿಹುಳುವಿನ ಮರಿ ಸಿಕ್ಕರೆ ಅದು ಡಿಫಿಲೋಬೋತ್ರಿಯಮ್ ವರ್ಗದ್ದಾಗಿರಬಹುದು. ಇದಕ್ಕೆ ಮನುಷ್ಯನೂ ಒಪ್ಪುವ ಮನೆ. ಹಸಿ ಮೀನಿನೊಂದಿಗೆ ಒಳಹೋದರೆ ಕರುಳಿನಲ್ಲಿ ಹಲವು ಮೀಟರ್ ಉದ್ದಕ್ಕೆ ಬೆಳೆದು ವರ್ಷಗಟ್ಟಲೆ ಇರಬಲ್ಲದು. ಅನೇಕರಿಗೆ ಯಾವ ಲಕ್ಷಣವೂ ಕಾಣದು. ಕೆಲವರಲ್ಲಿ ಬಿ12 ಜೀವಸತ್ವದ ಕೊರತೆಯಾಗುತ್ತದೆ. ಸಮುದ್ರ ಮತ್ತು ಸಿಹಿನೀರಿನ ನಡುವೆ ಓಡಾಡುವ ಮೀನಿನಲ್ಲಿ ಕಂಡ ಲಾಡಿಹುಳುವನ್ನು ಶಾರ್ಕ್‌ನ ಹುಳುವೆಂದು ಸಲೀಸಾಗಿ ಬಿಡಬೇಡಿ.

ಕೆಂಪು ಹುಳು, ಕಪ್ಪು ಚುಕ್ಕೆ, ಹಳದಿ ಗುಳ್ಳೆ

ಮೊಟ್ಟೆಯ ಚೀಲ ಬಿಡಿಸಿದಾಗ ರಕ್ತಗೆಂಪು ಬಣ್ಣದ ಉದ್ದನೆಯ ಹುಳುಗಳು ಸುತ್ತಿಕೊಂಡಿರುವುದು ಬೆಚ್ಚಿಬೀಳಿಸುವ ದೃಶ್ಯ. ಇವು ಫಿಲೊಮೆಟ್ರ. ಮೀನಿನ ರಕ್ತ ಕುಡಿದು ಕೆಂಪಾದ ಹೆಣ್ಣುಗಳಷ್ಟೇ ನಮಗೆ ಕಾಣುತ್ತವೆ, ಗಂಡು ಕೆಲವೇ ಮಿಲಿಮೀಟರ್. ಗ್ರೂಪರ್, ಸ್ನ್ಯಾಪರ್‌ನಂಥ ಮೀನುಗಳಲ್ಲಿ ಸಾಮಾನ್ಯ. ಮೀನಿನ ಸಂತಾನಶಕ್ತಿಗೆ ಇವು ಪೆಟ್ಟು ಕೊಡುತ್ತವೆ, ತಿನ್ನುವವನಿಗೆ ಇವುಗಳಿಂದ ಭಯವಿಲ್ಲ. ಚೀಲ ತೆಗೆದರೆ ಮಾಂಸ ಉಪಯೋಗಕ್ಕೆ ಬರುತ್ತದೆ.

ಚರ್ಮ, ಈಜುರೆಕ್ಕೆಗಳ ಮೇಲೆ ಎಳ್ಳು ಚೆಲ್ಲಿದಂತೆ ಕಪ್ಪು ಚುಕ್ಕೆಗಳಿದ್ದರೆ ಒಳಗೆ ಚಪ್ಪಟೆ ಹುಳುವಿನ ಮರಿ ಕೂತಿದೆ, ಅದರ ಸುತ್ತ ಮೀನು ಕಪ್ಪು ಬಣ್ಣ ತುಂಬಿದೆ ಎಂದರ್ಥ. ಉತ್ತರ ಅಟ್ಲಾಂಟಿಕ್‌ನ ಕಾಡ್, ಹೆರಿಂಗ್‌ಗಳಲ್ಲಿ ಕ್ರಿಪ್ಟೊಕೊಟೈಲ್ ಹೀಗೆ ಕಾಣಿಸಿಕೊಳ್ಳುತ್ತದೆ. ದಡದ ಬಸವನಹುಳುವಿನಿಂದ ಮೀನಿಗೆ, ಮೀನಿನಿಂದ ಕಡಲ ಹಕ್ಕಿಗೆ ಅದರ ದಾರಿ. ಚರ್ಮ ಸುಲಿದರೆ ಬಹುಪಾಲು ಹೋಗುತ್ತದೆ. ಟ್ಯೂನಾ, ಬಂಗುಡೆಗಳ ಕುಟುಂಬದಲ್ಲಿ ಕಿವಿರು, ಅಂಗಗಳಲ್ಲಿ ಹಳದಿ ಗುಳ್ಳೆಗಳು ಕಂಡರೆ ಡಿಡಿಮೊಜೋಯಿಡ್ ಎಂಬ ಚಪ್ಪಟೆ ಹುಳುಗಳು.

ಏನೂ ಕಾಣದಿದ್ದರೆ?

ಅತ್ಯಂತ ಕಷ್ಟದ ದೋಷ ಇದೇ. ಅಳಿವೆಯ ಉಪ್ಪು ಬೆರೆತ ನೀರಿನಲ್ಲಿ ಮೇಯುವ ಮಲೆಟ್ ಜಾತಿಯ ಮೀನಿನ ಮಾಂಸದಲ್ಲಿ ಹೆಟೆರೋಫೈಯಸ್ ಎಂಬ ಚಪ್ಪಟೆ ಹುಳುವಿನ ಮರಿಗಳು ಒಂದು ಮಿಲಿಮೀಟರಿಗಿಂತಲೂ ಚಿಕ್ಕವಾಗಿ ಅಡಗಿರುತ್ತವೆ. ನೈಲ್ ನದಿಯ ಮುಖಜ ಭೂಮಿಯಲ್ಲಿ ಇದು ಹಿಂದಿನಿಂದಲೂ ಇರುವ ಸಮಸ್ಯೆ. ಎಷ್ಟು ಕಣ್ಣರಳಿಸಿ ನೋಡಿದರೂ ಕಾಣವು. ಇಂಥಲ್ಲಿ ಹುಡುಕುವುದನ್ನು ಬಿಟ್ಟು ನೇರವಾಗಿ ಪರಿಹಾರಕ್ಕೆ ಹೋಗಬೇಕು.

ದೊಡ್ಡ ಲಾರ್ವಾಗಳಿಗೆ ಮಾತ್ರ ಬೆಳಕಿನ ಪರೀಕ್ಷೆ ಉಪಯೋಗಕ್ಕೆ ಬರುತ್ತದೆ. ತೆಳುವಾಗಿ ಕೊಯ್ದ ಮಾಂಸವನ್ನು ಹಾಲುಬಣ್ಣದ ಪ್ಲಾಸ್ಟಿಕ್ ಹಲಗೆಯ ಮೇಲಿಟ್ಟು ಕೆಳಗಿನಿಂದ ಬೆಳಕು ಹಾಯಿಸಿದರೆ ಹುಳು ನೆರಳಾಗಿ ಕಾಣುತ್ತದೆ. ಬಿಳಿ ಮಾಂಸದ ತೆಳು ತುಂಡಿಗೆ ಇದು ಸರಿ. ಮಾಂಸ ದಪ್ಪವಾಗಿದ್ದರೆ ಅಥವಾ ಬಂಗುಡೆಯಂತೆ ಗಾಢ ಬಣ್ಣದ್ದಾಗಿದ್ದರೆ ಬಿಳಿ ಅನಿಸಾಕಿಸ್ ಸುಲಭವಾಗಿ ತಪ್ಪಿಸಿಕೊಳ್ಳುತ್ತದೆ. ಪ್ರಯೋಗಾಲಯಗಳು ಎರಡು ಗಟ್ಟಿ ವಿಧಾನ ಬಳಸುತ್ತವೆ: ಮಾಂಸವನ್ನು ತೆಳ್ಳಗೆ ಒತ್ತಿ ಹೆಪ್ಪುಗಟ್ಟಿಸಿ ಅತಿನೇರಳೆ ಬೆಳಕಿನಲ್ಲಿ ನೋಡುವುದು (ಸತ್ತ ಲಾರ್ವಾ ಆಗ ಹೊಳೆಯುತ್ತದೆ), ಇಲ್ಲವೇ ಪೆಪ್ಸಿನ್ ಎಂಬ ಜೀರ್ಣಕಾರಿ ಕಿಣ್ವ ಮತ್ತು ಆಮ್ಲದಲ್ಲಿ ಮಾಂಸವನ್ನು ಕರಗಿಸಿ ಉಳಿದ ಹುಳುಗಳನ್ನು ಎಣಿಸುವುದು. ಎರಡಕ್ಕೂ 2021ರಲ್ಲಿ ಐಎಸ್‌ಒ (ಅಂತರರಾಷ್ಟ್ರೀಯ ಮಾನಕ ಸಂಸ್ಥೆ) ಮಾನದಂಡಗಳು ಬಂದಿವೆ. ಎರಡರಲ್ಲೂ ಪರೀಕ್ಷಿಸಿದ ತುಂಡು ತಿನ್ನಲು ಉಳಿಯುವುದಿಲ್ಲ. ಅಂದರೆ ಅವು ಒಂದು ರಾಶಿಯ ಬಗ್ಗೆ ಮಾತಾಡಬಲ್ಲವು, ನಿಮ್ಮ ಕೈಯಲ್ಲಿರುವ ಮೀನಿನ ಬಗ್ಗೆ ಅಲ್ಲ.

ದುರಸ್ತಿ: ಕಾಯಿಸಿ, ಇಲ್ಲವೇ ಹೆಪ್ಪುಗಟ್ಟಿಸಿ

ಬೇಯಿಸುವುದಾದರೆ ಮಾಂಸದ ನಟ್ಟನಡುವಿನಲ್ಲಿ 60 ಡಿಗ್ರಿ ಸೆಲ್ಸಿಯಸ್ ಒಂದು ನಿಮಿಷವಾದರೂ ಇರಬೇಕು. ಹೊರಗೆ ಗರಿಗರಿಯಾಗಿ, ನಡುವೆ ಹಸಿಯಾಗಿ ಉಳಿದ ದಪ್ಪ ತುಂಡು ಈ ಪರೀಕ್ಷೆಯಲ್ಲಿ ಸೋಲುತ್ತದೆ. ಮೈಕ್ರೋವೇವ್ ಎಲ್ಲೆಡೆ ಸಮನಾಗಿ ಕಾಯಿಸದು, ಆದ್ದರಿಂದ ಅದನ್ನು ನಾನು ನಂಬುವುದಿಲ್ಲ.

ಹಸಿಯಾಗಿ ಅಥವಾ ಅರೆಬೆಂದಂತೆ ತಿನ್ನುವುದಾದರೆ ಹೆಪ್ಪುಗಟ್ಟಿಸುವುದೊಂದೇ ದಾರಿ. ಐರೋಪ್ಯ ಒಕ್ಕೂಟದ ನಿಯಮ: ಮೀನಿನ ಎಲ್ಲ ಭಾಗವೂ −20 ಡಿಗ್ರಿಗೆ ಇಳಿದು 24 ಗಂಟೆ, ಅಥವಾ −35 ಡಿಗ್ರಿಯಲ್ಲಿ 15 ಗಂಟೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ −20 ಡಿಗ್ರಿಯಲ್ಲಿ ಒಟ್ಟು 7 ದಿನ ಕೇಳುತ್ತದೆ. ಎರಡು ಅಂಕಿಗಳ ನಡುವಿನ ಅಂತರ ಕಂಡು ಗಾಬರಿಯಾಗಬೇಡಿ. ಮೊದಲನೆಯದರಲ್ಲಿ ಮೀನಿನ ನಡುಭಾಗ ಆ ತಾಪಮಾನ ಮುಟ್ಟಿದ ಮೇಲೆ ಎಣಿಕೆ ಆರಂಭ. ಎರಡನೆಯದರಲ್ಲಿ ಹೆಪ್ಪುಗಟ್ಟಲು ಹಿಡಿಯುವ ಹೊತ್ತೂ ಸೇರಿದೆ. ಮನೆಯ ಫ್ರೀಜರ್ ಬಹಳಷ್ಟು ಸಲ −18ರ ಆಸುಪಾಸಿನಲ್ಲಿರುತ್ತದೆ, ಬಾಗಿಲು ತೆರೆದಾಗಲೆಲ್ಲ ಇನ್ನೂ ಏರುತ್ತದೆ. ಒಳಗೊಂದು ತಾಪಮಾಪಕ ಇಟ್ಟು ನೋಡಿ, ಅನುಮಾನವಿದ್ದರೆ ದೀರ್ಘ ಅವಧಿಯನ್ನೇ ಅನುಸರಿಸಿ.

ಕೆಲಸಕ್ಕೆ ಬಾರದ ದುರಸ್ತಿಗಳ ಪಟ್ಟಿ ದೊಡ್ಡದು. ನಿಂಬೆರಸ ಮಾಂಸದ ಬಣ್ಣ ಬದಲಿಸುತ್ತದೆ, ಹುಳುವಿನ ಮನಸ್ಸನ್ನಲ್ಲ. ಉಪ್ಪು ಕಡಿಮೆಯಿರುವ ವಿನೆಗರ್ ದ್ರಾವಣದಲ್ಲಿ ಅನಿಸಾಕಿಸ್ ವಾರಗಟ್ಟಲೆ ಬದುಕಬಲ್ಲದು. ಜಠರದ ಆಮ್ಲದಲ್ಲೇ ಬಾಳುವ ಜೀವಿಗೆ ವಿನೆಗರ್ ಯಾವ ಲೆಕ್ಕ? ತಣ್ಣನೆಯ ಹೊಗೆ, ಮಸಾಲೆ, ಮದ್ಯ ಯಾವುದೂ ನಂಬಲರ್ಹವಲ್ಲ. ಫ್ರಿಜ್ಜಿನ ಸಾಮಾನ್ಯ ಚಳಿಯಲ್ಲಿ ಅವು ಸುಮ್ಮನೆ ಮಲಗಿರುತ್ತವೆ.

ತಿಂದಾಗಿದೆ ಎಂದಾದರೆ

ಹಸಿ ಅಥವಾ ಅರೆಬೆಂದ ಮೀನು ತಿಂದ ಕೆಲವೇ ಗಂಟೆಗಳಲ್ಲಿ ಹೊಟ್ಟೆಯ ಮೇಲ್ಭಾಗದಲ್ಲಿ ತೀವ್ರ ನೋವು, ವಾಕರಿಕೆ, ವಾಂತಿ ಆದರೆ ವೈದ್ಯರ ಬಳಿ ಹೋಗಿ. ಅಲ್ಲಿ ಮೊದಲು ಹೇಳಬೇಕಾದ ಮಾತು ‘ಹಸಿ ಮೀನು ತಿಂದಿದ್ದೆ’ ಎಂಬುದು. ಇದನ್ನು ಹೇಳದಿದ್ದರೆ ಜಠರದ ಹುಣ್ಣು ಎಂದೋ, ಲಾರ್ವಾ ಕರುಳಿಗೆ ಇಳಿದು ದಿನಗಳ ನಂತರ ನೋವು ಬಂದರೆ ಅಪೆಂಡಿಸೈಟಿಸ್ ಎಂದೋ ತಪ್ಪು ತಿಳಿಯುವ ಸಾಧ್ಯತೆಯಿದೆ. ಜಠರದ ಗೋಡೆಗೆ ಕಚ್ಚಿದ ಲಾರ್ವಾವನ್ನು ಎಂಡೋಸ್ಕೋಪಿಯಲ್ಲಿ ಹಿಡಿದು ತೆಗೆದರೆ ನೋವು ಬೇಗ ಇಳಿಯುತ್ತದೆ. ಈ ಕಾಯಿಲೆಯನ್ನು 1960ರಲ್ಲಿ ನೆದರ್ಲೆಂಡ್ಸ್‌ನ ವಾನ್ ಥೀಲ್ ಮತ್ತು ಸಂಗಡಿಗರು ಹಸಿ ಹೆರಿಂಗ್ ತಿಂದ ರೋಗಿಗಳಲ್ಲಿ ಗುರುತಿಸಿದರು. 1968ರಲ್ಲಿ ಹೆರಿಂಗನ್ನು ಹೆಪ್ಪುಗಟ್ಟಿಸಬೇಕೆಂಬ ಕಾನೂನು ಬಂದ ಮೇಲೆ ಅಲ್ಲಿ ಪ್ರಕರಣಗಳು ಇಳಿದವು.

ಹುಳು ಸತ್ತಿದ್ದರೂ ತೊಂದರೆ ಕೊಡುವ ಒಂದು ಸಂದರ್ಭವಿದೆ. ಅನಿಸಾಕಿಸ್‌ನ ಕೆಲವು ಪ್ರೋಟೀನುಗಳು ಬಿಸಿಗೆ ಕೆಡುವುದಿಲ್ಲ. ಈಗಾಗಲೇ ಅವುಗಳಿಗೆ ಅಲರ್ಜಿ ಇರುವವರಲ್ಲಿ ಚೆನ್ನಾಗಿ ಬೆಂದ ಮೀನೂ ಮೈದದ್ದು, ಊತ, ಅಪರೂಪಕ್ಕೆ ಉಸಿರಿನ ತೊಂದರೆಯನ್ನೂ ತರಬಹುದು. ‘ಮೀನು ಆಗುವುದಿಲ್ಲ’ ಎನ್ನುವ ಕೆಲವರಿಗೆ ಆಗದಿರುವುದು ವಾಸ್ತವವಾಗಿ ಮೀನಿನೊಳಗಿನ ಹುಳು.

ದೋಷ ಮರುಕಳಿಸುತ್ತಿದ್ದರೆ

ಒಂದು ಮೀನಿನ ಒಂದು ಹುಳುವಿನಿಂದ ರಾಶಿಯನ್ನೇ ತಿರಸ್ಕರಿಸಬೇಕಾಗಿಲ್ಲ. ಹೆಪ್ಪುಗಟ್ಟಿಸಿದ ಮೀನಿನ ತುಂಡುಗಳಿಗೆ ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಹಾರ ಮಾನದಂಡ ಒಂದು ಅಳತೆ ಕೊಟ್ಟಿದೆ: ಮಾದರಿಯ ಪ್ರತಿ ಕಿಲೋಗೆ ಎರಡು ಅಥವಾ ಹೆಚ್ಚು ಪರಾವಲಂಬಿಗಳು, ಅದೂ ಹುಳುವನ್ನು ಸುತ್ತಿರುವ ಕೋಶದ ವ್ಯಾಸ 3 ಮಿ.ಮೀ. ಮೀರಿದ್ದು ಅಥವಾ ಕೋಶವಿಲ್ಲದೆ 10 ಮಿ.ಮೀ.ಗಿಂತ ಉದ್ದವಿದ್ದದ್ದು ಸಿಕ್ಕರೆ ದೋಷಯುಕ್ತ.

ಪದೇಪದೇ ಬರುತ್ತಿದ್ದರೆ ಮೀನಿನ ಗಾತ್ರ, ಹಿಡಿದ ಜಾಗ, ಹೊಟ್ಟೆ ಬಿಡಿಸಿದ ಹೊತ್ತು ಈ ಮೂರನ್ನು ಬರೆದಿಡಿ. ಅಂಗಗಳ ಮೇಲಿನ ಎಣಿಕೆ ಹಾಗೆಯೇ ಇದ್ದು ಮಾಂಸದಲ್ಲಿ ಮಾತ್ರ ಏರುತ್ತಿದ್ದರೆ ತಡವಾಗಿ ಬಿಡಿಸುತ್ತಿದ್ದೀರಿ ಎಂದು ಅನುಮಾನಿಸಬಹುದು. ಎರಡೂ ಏರುತ್ತಿದ್ದರೆ ಕಾರಣ ಸಮುದ್ರದಲ್ಲಿದೆ, ನಿಮ್ಮ ಚಾಕುವಿನಲ್ಲಿಲ್ಲ. 1978ರಿಂದ 2015ರವರೆಗಿನ ಮಾಹಿತಿಯನ್ನು ಒಟ್ಟುಗೂಡಿಸಿ 2020ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆ ಅನಿಸಾಕಿಸ್ 283 ಪಟ್ಟು ಹೆಚ್ಚಿದೆ ಎಂದು ಲೆಕ್ಕಹಾಕಿತು. ಸ್ಯೂಡೋಟೆರನೋವಾದಲ್ಲಿ ಅಂಥ ಏರಿಕೆ ಕಾಣಲಿಲ್ಲ. ಒಣ ಆಹಾರದ ಉಂಡೆ ತಿಂದು ಬೆಳೆದ ಸಾಕಣೆಯ ಸಾಲ್ಮನ್‌ನಲ್ಲಿ ಈ ಹುಳುಗಳ ಸಾಧ್ಯತೆ ನಗಣ್ಯ, ಏಕೆಂದರೆ ಅದು ಕ್ರಿಲ್ ಹಿಡಿದು ತಿನ್ನುವುದಿಲ್ಲ.

ಬಿಡಿಸಿದ ಕರುಳನ್ನು ಹಾಗೆಯೇ ನೀರಿಗೆ ಎಸೆಯಬೇಡಿ, ಬೆಕ್ಕು ನಾಯಿಗಳಿಗೂ ಹಸಿಯಾಗಿ ಹಾಕಬೇಡಿ. ಅದರಲ್ಲಿರುವ ಲಾರ್ವಾಗಳು ಇನ್ನೂ ಬದುಕಿರುತ್ತವೆ, ದೋಣಿಯ ಹಿಂದೆಯೇ ಬರುವ ಮೀನು ಅವನ್ನು ನುಂಗಿ ಮತ್ತೆ ನಿಮ್ಮದೇ ಬಲೆಗೆ ಬರಬಹುದು.